ಸರ್ವಿಸ್ ಆದ ಮೇಲೆ ಲಾನ್ ಮೋವರ್ ಸರಿಯಾಗಿ ಓಡುತ್ತಿಲ್ಲವೇ? ತಪ್ಪು ಹುಡುಕಿ ಸರಿಮಾಡಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಸರ್ವಿಸ್‌ಗೆ ಕೊಡುವ ಮುಂಚೆ ಮೋವರ್ ಸುಮಾರಾಗಿ ಓಡುತ್ತಿತ್ತು. ಆಯಿಲ್ ಬದಲಾಯಿಸಿ, ಬ್ಲೇಡ್ ಹರಿತ ಮಾಡಿಸಿ ತಂದ ಮೇಲೆ ಸ್ಟಾರ್ಟ್ ಆಗಲು ಸತಾಯಿಸುತ್ತಿದೆ. ಇಲ್ಲವೇ ಎಂಜಿನ್ ಶಬ್ದ ಒಂದೇ ಸಮನೆ ಏರಿ ಇಳಿಯುತ್ತಿದೆ. ಅಥವಾ ಹುಲ್ಲು ದಟ್ಟವಾಗಿರುವ ಕಡೆ ಪಿಕಪ್ ಇಲ್ಲದೆ ನಿಂತುಬಿಡುತ್ತಿದೆ. ದುಡ್ಡು ಕೊಟ್ಟು ಯಂತ್ರ ಕೆಡಿಸಿಕೊಂಡ ಹಾಗಾಯಿತಲ್ಲ ಎಂದು ಸಿಟ್ಟು ಬರುವುದು ಸಹಜ.

ಆದರೆ ಇಲ್ಲಿ ನಿಮಗೊಂದು ಅನುಕೂಲವೂ ಇದೆ. ಯಂತ್ರ ತಾನಾಗಿ ಕೆಟ್ಟರೆ ಎಲ್ಲಿಂದ ಹುಡುಕಬೇಕೆಂದೇ ತೋಚುವುದಿಲ್ಲ. ಸರ್ವಿಸ್ ಆದ ಕೂಡಲೇ ಕೆಟ್ಟರೆ ಹುಡುಕುವ ಜಾಗ ಚಿಕ್ಕದು. ಮೆಕ್ಯಾನಿಕ್ ಎಲ್ಲೆಲ್ಲಿ ಕೈ ಹಾಕಿದ್ದಾರೋ ಮೊದಲು ಅಲ್ಲಿ ನೋಡಬೇಕು. ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಹೋಗಿದೆ, ಕಾಯಿಲ್ (ಸ್ಪಾರ್ಕ್ ಹುಟ್ಟಿಸುವ ಭಾಗ) ಹೋಗಿದೆ ಎಂದು ದೊಡ್ಡ ದೊಡ್ಡ ಭಾಗಗಳ ಮೇಲೆ ಅನುಮಾನ ಪಡುವುದೆಲ್ಲ ಆಮೇಲೆ.

ಇಲ್ಲಿ ಹೇಳಿರುವುದು ಪೆಟ್ರೋಲ್ ಎಂಜಿನ್ ಇರುವ ಮೋವರ್‌ಗಳ ಬಗ್ಗೆ. ತಳ್ಳಿಕೊಂಡು ಹೋಗುವ ಮೋವರ್‌ಗಳೇ ಜಾಸ್ತಿ ಇರುವುದರಿಂದ ಅವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕೂತು ಓಡಿಸುವ ಮೋವರ್‌ಗಳಿಗೂ ಬಹುಪಾಲು ಇದೇ ಅನ್ವಯಿಸುತ್ತದೆ.

ಮೊದಲು ಬಿಲ್ ಓದಿ

ಬಿಲ್ ಮತ್ತು ಜಾಬ್ ಕಾರ್ಡ್ ಎದುರಿಗಿಟ್ಟುಕೊಳ್ಳಿ. ಏನೇನು ಮಾಡಿದ್ದಾರೆ ಎಂದು ಒಂದೊಂದಾಗಿ ನೋಡಿ. ಅಲ್ಲಿರುವ ಪ್ರತಿ ಕೆಲಸಕ್ಕೂ ಅದರದೇ ಆದ ತಪ್ಪುಗಳಿವೆ. ಆಯಿಲ್ ಬದಲಾಯಿಸಿದ್ದರೆ ಅಳತೆ ಮೀರಿರಬಹುದು. ಏರ್ ಫಿಲ್ಟರ್ ಹೊಸದಾಗಿದ್ದರೆ ಸರಿಯಾಗಿ ಕೂತಿರಲಿಕ್ಕಿಲ್ಲ. ಕಾರ್ಬ್ಯುರೇಟರ್ ಬಿಚ್ಚಿದ್ದರೆ ಗ್ಯಾಸ್ಕೆಟ್ (ಎರಡು ಭಾಗಗಳ ನಡುವಿನ ತೆಳು ಹಾಳೆ) ಉಲ್ಟಾ ಆಗಿರಬಹುದು, ಎಂಜಿನ್ ವೇಗ ಕಾಯುವ ಗವರ್ನರ್‌ನ ಸ್ಪ್ರಿಂಗ್ ಬೇರೆ ತೂತಿಗೆ ಸಿಕ್ಕಿಸಿರಬಹುದು. ಬ್ಲೇಡ್ ಹರಿತ ಮಾಡಿದ್ದರೆ ಬೋಲ್ಟ್ ಬಿಗಿಯಾಗಿರಲಿಕ್ಕಿಲ್ಲ, ಇಲ್ಲವೇ ಬ್ಲೇಡಿನ ತೂಕ ಒಂದು ಕಡೆ ವಾಲಿರಬಹುದು.

ಬಿಲ್‌ನಲ್ಲಿ ಬರೀ 'ಜನರಲ್ ಸರ್ವಿಸ್' ಎಂದಿದ್ದರೆ ಫೋನ್ ಮಾಡಿ ಕೇಳಿ. ಏನೇನು ಬದಲಾಯಿಸಿದಿರಿ? ಕಾರ್ಬ್ಯುರೇಟರ್ ಬಿಚ್ಚಿದಿರಾ? ಹೊಸ ಕಾರ್ಬ್ಯುರೇಟರ್ ಹಾಕಿದ್ದರೆ ಅದು ಕಂಪನಿಯದ್ದೋ, ಬೇರೆಯದ್ದೋ? ಇದು ಜಗಳವಲ್ಲ, ಮಾಹಿತಿ. ಸಿಕ್ಕ ಉತ್ತರ ಬರೆದಿಟ್ಟುಕೊಳ್ಳಿ.

ಬಿಚ್ಚುವ ಮುಂಚೆ ವಿಡಿಯೋ ಮಾಡಿ

ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆ ಈ ಕೆಲಸ ಆಗಬೇಕು. ನೀವು ಒಮ್ಮೆ ಕಾರ್ಬ್ಯುರೇಟರ್ ಬಿಚ್ಚಿದರೆ, "ನೀವೇ ಏನೋ ಮಾಡಿದ್ದೀರಿ" ಎಂದು ಹೇಳಲು ಡೀಲರ್‌ಗೆ ದಾರಿಯಾಗುತ್ತದೆ. ಆಗ ವಾದ ಮಾಡುವುದು ಕಷ್ಟ.

ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡುವುದರಿಂದ ಹಿಡಿದು ವಿಡಿಯೋ ತೆಗೆಯಿರಿ. ಎಷ್ಟು ಸಲ ಹಗ್ಗ ಎಳೆಯಬೇಕಾಯಿತು, ಹೊಗೆ ಯಾವ ಬಣ್ಣ, ಶಬ್ದ ಹೇಗಿದೆ, ಹುಲ್ಲಿಗೆ ಇಳಿಸಿದಾಗ ಏನಾಗುತ್ತದೆ ಎಲ್ಲ ಬರಲಿ. ಶಬ್ದವಂತೂ ಬಹಳ ಮುಖ್ಯ. ಅನುಭವಿ ಮೆಕ್ಯಾನಿಕ್ ಎಂಜಿನ್ ಶಬ್ದ ಕೇಳಿಯೇ ಅರ್ಧ ವಿಷಯ ಹೇಳಿಬಿಡುತ್ತಾರೆ. ಡೀಲರ್ ಹತ್ತಿರ ಹೋದಾಗ ಯಂತ್ರ ಚೆನ್ನಾಗಿ ಓಡಿಬಿಡುವುದೂ ಉಂಟು. ಆಗ ಈ ವಿಡಿಯೋನೇ ನಿಮ್ಮ ಸಾಕ್ಷಿ.

ಹೊರಗಿನಿಂದಲೇ ನೋಡಬಹುದಾದವು

ಇವಕ್ಕೆ ಎಂಜಿನ್ ಬಿಚ್ಚಬೇಕಾಗಿಲ್ಲ. ಆದರೂ ಸುರಕ್ಷತೆ ಮೊದಲು. ಎಂಜಿನ್ ಆರಿಸಿ, ತಣ್ಣಗಾಗಲು ಬಿಡಿ, ಸ್ಪಾರ್ಕ್ ಪ್ಲಗ್ ಕ್ಯಾಪ್ ಕಿತ್ತು ಪ್ಲಗ್‌ನಿಂದ ದೂರ ಇಡಿ. ಬ್ಲೇಡ್ ಹತ್ತಿರ ಕೈ ಹಾಕುವಾಗ ಇದನ್ನು ಯಾವತ್ತೂ ತಪ್ಪಿಸಬೇಡಿ. ಎಂಜಿನ್ ಓಡಿಸಿ ನೋಡುವುದು ಬಯಲಿನಲ್ಲೇ ಇರಲಿ. ಮುಚ್ಚಿದ ಶೆಡ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೂ ಇಲ್ಲ.

ಮೊದಲು ಆಯಿಲ್. ಮೋವರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ. ತಳ್ಳುವ ಮೋವರ್ ಎಂಜಿನ್ ಹಿಡಿಸುವುದು ಸುಮಾರು ಅರ್ಧ ಲೀಟರ್ ಆಯಿಲ್. ಹಾಗಾಗಿ 100 ಮಿಲಿ ಜಾಸ್ತಿ ಸುರಿದರೂ ಅದು ದೊಡ್ಡ ತಪ್ಪೇ. ಡಿಪ್‌ಸ್ಟಿಕ್ ನೋಡುವ ರೀತಿಯೂ ಎಲ್ಲ ಎಂಜಿನ್‌ಗೆ ಒಂದೇ ಅಲ್ಲ. ಕೆಲವದರಲ್ಲಿ ಪೂರ್ತಿ ತಿರುಗಿಸಿ ನೋಡಬೇಕು. ಹೋಂಡಾ ಜಿಸಿವಿ160 ತರಹದವುಗಳಲ್ಲಿ ತಿರುಗಿಸದೆ ಸುಮ್ನೆ ಇಳಿಸಿ ನೋಡಬೇಕು. ಅಳತೆ ತಪ್ಪಲು ಇದೂ ಒಂದು ಕಾರಣ. ನಿಮ್ಮ ಮ್ಯಾನುಯಲ್ ಏನು ಹೇಳುತ್ತದೋ ಹಾಗೇ ಮಾಡಿ.

ಡಿಪ್‌ಸ್ಟಿಕ್ ಮೂಸಿಯೂ ನೋಡಿ. ಆಯಿಲ್ ಮಟ್ಟ ಏರಿದೆ, ತೆಳ್ಳಗಾಗಿದೆ, ಪೆಟ್ರೋಲ್ ವಾಸನೆ ಬರುತ್ತಿದೆ ಎಂದರೆ ಕಾರ್ಬ್ಯುರೇಟರ್ ಒಳಗಿನ ಫ್ಲೋಟ್ ನೀಡಲ್ ಸರಿಯಾಗಿ ಮುಚ್ಚುತ್ತಿಲ್ಲ. ಪೆಟ್ರೋಲ್ ತುಂಬಿ ಹರಿದು ಎಂಜಿನ್ ಒಳಗೆ ಇಳಿಯುತ್ತಿದೆ. ಇಂಥ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಬೇಗ ಸವೆಯುತ್ತದೆ. ಪೆಟ್ರೋಲ್ ವಾಲ್ವ್ ಇದ್ದರೆ ಮುಚ್ಚಿ, ಸೀದಾ ಡೀಲರ್‌ಗೆ ತಿಳಿಸಿ.

ಆಮೇಲೆ ಏರ್ ಫಿಲ್ಟರ್. ಮುಚ್ಚಳ ತೆಗೆದರೆ ಸಾಕು, ಕಾಣುತ್ತದೆ. ಕಾಗದದ ಫಿಲ್ಟರ್ ಒಣಗಿರಬೇಕು. ಆಯಿಲ್‌ನಲ್ಲಿ ನೆನೆದಿದ್ದರೆ ಗಾಳಿ ಹೋಗುವುದಿಲ್ಲ. ಆಯಿಲ್ ಜಾಸ್ತಿ ಹಾಕಿದಾಗ ಹೀಗಾಗುತ್ತದೆ. ಬ್ಲೇಡ್ ತೆಗೆಯುವಾಗ ಮೋವರನ್ನು ತಪ್ಪು ಮಗ್ಗುಲಿಗೆ ಮಲಗಿಸಿದರೂ ಆಗುತ್ತದೆ. ಮಲಗಿಸುವಾಗ ಏರ್ ಫಿಲ್ಟರ್, ಕಾರ್ಬ್ಯುರೇಟರ್ ಇರುವ ಕಡೆ ಮೇಲೆ ಬರಬೇಕು. ನೆನೆದ ಕಾಗದದ ಫಿಲ್ಟರನ್ನು ತೊಳೆದು ಪ್ರಯೋಜನವಿಲ್ಲ, ಹೊಸದೇ ಹಾಕಬೇಕು.

ಸ್ಪಾರ್ಕ್ ಪ್ಲಗ್ ಕ್ಯಾಪ್ ವಾಪಸ್ ಹಾಕುವಾಗ ಗಟ್ಟಿಯಾಗಿ ಒತ್ತಿ. ಅರ್ಧ ಕೂತಿದ್ದ ಕ್ಯಾಪ್‌ನಿಂದಲೇ ಎಂಜಿನ್ ಮಿಸ್ಸಿಂಗ್ ಆಗುತ್ತಿರಬಹುದು. ಪೆಟ್ರೋಲ್ ವಾಲ್ವ್ ಪೂರ್ತಿ ತೆರೆದಿದೆಯೇ, ಪೈಪ್ ಎಲ್ಲಾದರೂ ಮಡಚಿಕೊಂಡಿದೆಯೇ ನೋಡಿ.

ಕೊನೆಗೆ ಕೇಬಲ್‌ಗಳು. ಹ್ಯಾಂಡಲ್ ಬಾರ್‌ನಲ್ಲಿ ಲಿವರ್ 'ಫಾಸ್ಟ್'ಗೆ ಬಂದರೂ ಕೆಳಗೆ ಕಾರ್ಬ್ಯುರೇಟರ್ ಹತ್ತಿರದ ಲಿವರ್ ಅಲ್ಲಿವರೆಗೆ ಹೋಗದಿರಬಹುದು. ಚೋಕ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಗಾಳಿ ತಡೆಯುವ ಮುಚ್ಚಳ) ಪೂರ್ತಿ ತೆರೆಯದಿರಬಹುದು. ಹಿಡಿದುಕೊಳ್ಳುವ ಸೇಫ್ಟಿ ಲಿವರ್‌ನ ಕೇಬಲ್ ಸಡಿಲವಾಗಿದ್ದರೆ ಫ್ಲೈವೀಲ್‌ನ (ಎಂಜಿನ್ ಜೊತೆ ತಿರುಗುವ ಚಕ್ರದ) ಬ್ರೇಕ್ ಪೂರ್ತಿ ಬಿಡುವುದಿಲ್ಲ. ಆಗ ಹಗ್ಗ ಎಳೆಯಲು ಬಿಗಿ, ಎಂಜಿನ್‌ಗೆ ಶಕ್ತಿ ಇಲ್ಲ, ಕೆಲವೊಮ್ಮೆ ಸ್ಪಾರ್ಕೇ ಇಲ್ಲ. ಅದೇ ಲಿವರ್ ಸ್ಪಾರ್ಕ್ ನಿಲ್ಲಿಸುವ ಸ್ವಿಚ್ಚನ್ನೂ ಒತ್ತುತ್ತದೆ, ಅದಕ್ಕೇ.

ಶಬ್ದ ಏರಿ ಇಳಿಯುತ್ತಿದ್ದರೆ

ಸರ್ವಿಸ್ ನಂತರ ಬರುವ ತೊಂದರೆಗಳಲ್ಲಿ ಇದು ಬಹಳ ಸಾಮಾನ್ಯ. ಜನ ತಪ್ಪು ತಿಳಿಯುವುದೂ ಇದನ್ನೇ ಜಾಸ್ತಿ. ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಎಂಜಿನ್‌ನಲ್ಲಿ ಗವರ್ನರ್ ಎಂಬ ವ್ಯವಸ್ಥೆ ಇದೆ. ಒಂದು ಸ್ಪ್ರಿಂಗ್ ಥ್ರಾಟಲನ್ನು (ಎಂಜಿನ್‌ಗೆ ಹೋಗುವ ಗಾಳಿ-ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಬಾಗಿಲನ್ನು) ತೆರೆಯಲು ಎಳೆಯುತ್ತಿರುತ್ತದೆ. ವೇಗ ಏರಿದಂತೆ ಗವರ್ನರ್ ಅದನ್ನು ಮುಚ್ಚಲು ತಳ್ಳುತ್ತದೆ. ಈ ಎರಡೂ ಸಮವಾದಾಗ ವೇಗ ಸ್ಥಿರವಾಗುತ್ತದೆ. ಈಗ ಎಂಜಿನ್‌ಗೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ ಎಂದುಕೊಳ್ಳಿ. ವೇಗ ಬೀಳುತ್ತದೆ, ಗವರ್ನರ್ ಥ್ರಾಟಲ್ ತೆರೆಯಲು ಬಿಡುತ್ತದೆ. ಪೆಟ್ರೋಲ್ ನುಗ್ಗಿ ವೇಗ ಹಾರುತ್ತದೆ, ಗವರ್ನರ್ ಮತ್ತೆ ಮುಚ್ಚುತ್ತದೆ. ಇದು ನಿಲ್ಲುವುದೇ ಇಲ್ಲ. ಅಂದರೆ ಶಬ್ದ ಏರಿ ಇಳಿದರೆ ಗವರ್ನರ್ ಕೆಟ್ಟಿದೆ ಎಂದೇ ಅರ್ಥವಲ್ಲ. ಬಹಳ ಸಲ ಗವರ್ನರ್ ತನ್ನ ಕೆಲಸ ಸರಿಯಾಗೇ ಮಾಡುತ್ತಿರುತ್ತದೆ, ಪೆಟ್ರೋಲ್ ಕಡೆ ತೊಂದರೆ ಇರುತ್ತದೆ.

ಇದನ್ನು ಪತ್ತೆ ಮಾಡಲು ಸುಲಭದ ಪರೀಕ್ಷೆ ಇದೆ. ಚೋಕ್ ಲಿವರ್ ಇರುವ ಎಂಜಿನ್ ಆದರೆ ಬಿಸಿಯಾಗುವವರೆಗೆ ಓಡಿಸಿ. ಏರಿಳಿತ ಶುರುವಾದಾಗ ಚೋಕನ್ನು ನಿಧಾನವಾಗಿ ಅರ್ಧದಷ್ಟು ಮುಚ್ಚಿ. ಏರಿಳಿತ ನಿಂತು ಎಂಜಿನ್ ಸರಿಯಾಗಿ ಓಡಿದರೆ, ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗಿದೆ ಎಂದು ಅರ್ಥ. ಅದಕ್ಕೆ ಕಾರಣ ಎರಡಿರಬಹುದು: ಕಾರ್ಬ್ಯುರೇಟರ್ ಒಳಗಿನ ಸಣ್ಣ ಜೆಟ್ (ಪೆಟ್ರೋಲ್ ಬರುವ ತೂತು) ಕಟ್ಟಿಕೊಂಡಿದೆ, ಅಥವಾ ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ಗ್ಯಾಸ್ಕೆಟ್‌ನಿಂದ ಗಾಳಿ ನುಗ್ಗುತ್ತಿದೆ. ಚೋಕ್ ಮುಚ್ಚಿದಾಗ ಎಂಜಿನ್ ಇನ್ನೂ ಮುಗ್ಗರಿಸಿ ಕಪ್ಪು ಹೊಗೆ ಬಿಟ್ಟರೆ ಪೆಟ್ರೋಲ್ ಕೊರತೆ ಅಲ್ಲ.

ಅರ್ಧ ಚೋಕ್‌ನಲ್ಲಿ ಚೆನ್ನಾಗಿ ಓಡುತ್ತಿದೆಯಲ್ಲ, ಹಾಗೇ ಓಡಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಪರೀಕ್ಷೆ ಅಷ್ಟೇ, ರಿಪೇರಿ ಅಲ್ಲ.

ಈಗ ಗವರ್ನರ್ ಸ್ಪ್ರಿಂಗ್. ಕಾರ್ಬ್ಯುರೇಟರ್ ಬಿಚ್ಚುವಾಗ ಸಣ್ಣ ಸ್ಪ್ರಿಂಗ್, ಕಡ್ಡಿಗಳನ್ನೆಲ್ಲ ಕಳಚಬೇಕಾಗುತ್ತದೆ. ಅವು ಸಿಕ್ಕಿಕೊಳ್ಳುವ ಲಿವರ್‌ನಲ್ಲಿ ಎಷ್ಟೋ ಸಲ ಒಂದಕ್ಕಿಂತ ಜಾಸ್ತಿ ತೂತುಗಳಿರುತ್ತವೆ. ಬೇರೆ ತೂತಿಗೆ ಸಿಕ್ಕಿಸಿದರೆ ಏರಿಳಿತ ಬರಬಹುದು, ವೇಗ ಕಡಿಮೆಯಾಗಬಹುದು, ಅಪಾಯಕಾರಿಯಾಗಿ ಏರಲೂಬಹುದು. ಎಂಜಿನ್ ನಿಂತಿರುವಾಗ ಲಿವರ್ 'ಫಾಸ್ಟ್'ಗಿಟ್ಟು ನೋಡಿ. ಬಹುತೇಕ ಎಂಜಿನ್‌ಗಳಲ್ಲಿ ಸ್ಪ್ರಿಂಗ್ ಎಳೆದು ಥ್ರಾಟಲ್ ಪೂರ್ತಿ ತೆರೆದಿರಬೇಕು. ಇಲ್ಲದಿದ್ದರೆ ಕಡ್ಡಿ ಎಲ್ಲೋ ಸಿಕ್ಕಿಕೊಂಡಿದೆ, ಇಲ್ಲವೇ ಸ್ಪ್ರಿಂಗ್ ತಪ್ಪು ಜಾಗದಲ್ಲಿದೆ. ಬೆರಳಿನಿಂದ ಮೆಲ್ಲಗೆ ಮುಚ್ಚಿ ಬಿಟ್ಟರೆ ತಟ್ಟನೆ ವಾಪಸ್ ತೆರೆಯಬೇಕು.

ಪಿಕಪ್ ಬರಲಿ ಎಂದು ಸ್ಪ್ರಿಂಗ್ ಬಗ್ಗಿಸಿ ವೇಗ ಏರಿಸುವ ಕೆಲಸ ಮಾತ್ರ ಬೇಡವೇ ಬೇಡ. ತಳ್ಳುವ ಮೋವರ್‌ಗಳ ಗರಿಷ್ಠ ವೇಗ ಸಾಮಾನ್ಯವಾಗಿ 2800ರಿಂದ 3300 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಒಳಗಿರುತ್ತದೆ. ಅಮೆರಿಕದ ಎಎನ್‌ಎಸ್‌ಐ ಮಾನದಂಡದ ಪ್ರಕಾರ ಬ್ಲೇಡ್ ತುದಿಯ ವೇಗ ನಿಮಿಷಕ್ಕೆ 19,000 ಅಡಿ ಮೀರಬಾರದು. 21 ಇಂಚಿನ ಬ್ಲೇಡ್ ಸುಮಾರು 3450 ಆರ್‌ಪಿಎಂನಲ್ಲೇ ಆ ಮಿತಿ ಮುಟ್ಟುತ್ತದೆ. ಅದನ್ನು ದಾಟಿ ಬ್ಲೇಡ್ ಮುರಿದು ಹಾರಿದರೆ ಮನುಷ್ಯರ ಜೀವಕ್ಕೇ ಕುತ್ತು. ಸರ್ವಿಸ್ ಆದ ಮೇಲೆ ಎಂಜಿನ್ ಮುಂಚೆಗಿಂತ ಜಾಸ್ತಿ ಕಿರುಚುತ್ತಿದೆ ಎನಿಸಿದರೆ ಓಡಿಸುವುದನ್ನು ನಿಲ್ಲಿಸಿ, ಟ್ಯಾಕೋಮೀಟರ್ ಇಟ್ಟು ವೇಗ ಅಳೆದು ತೋರಿಸಿ ಎಂದು ಡೀಲರ್‌ಗೆ ಹೇಳಿ.

ಹೊಗೆ ಏನು ಹೇಳುತ್ತದೆ

ಬಿಳಿ ಅಥವಾ ನೀಲಿ ಛಾಯೆಯ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಮೋವರ್ ಮಲಗಿಸಿದ ಮೇಲೆ ಕೆಲವು ನಿಮಿಷ ಬಂದು ನಿಂತರೆ ಚಿಂತೆ ಬೇಡ. ಬರುತ್ತಲೇ ಇದ್ದರೆ ಆಯಿಲ್ ಜಾಸ್ತಿಯಾಗಿರಬಹುದು. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಚೋಕ್ ಪೂರ್ತಿ ತೆರೆದಿಲ್ಲ, ಇಲ್ಲವೇ ಫಿಲ್ಟರ್ ಕಟ್ಟಿದೆ.

ಪ್ಲಗ್ ಬಿಚ್ಚಿ ನೋಡಿದರೂ ಇದೇ ಕಥೆ ಕಾಣುತ್ತದೆ. ಸ್ವಲ್ಪ ಹುಲ್ಲು ಕತ್ತರಿಸಿ, ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಬಿಚ್ಚಿ. ತುದಿ ತಿಳಿ ಕಂದು ಬಣ್ಣವಿದ್ದರೆ ಚೆನ್ನಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಜಿಡ್ಡಾದರೆ ಆಯಿಲ್. ಬೆಳ್ಳಗಿದ್ದರೆ ಪೆಟ್ರೋಲ್ ಕೊರತೆ. ಹೊಸ ಪ್ಲಗ್ ಹಾಕಿದ್ದರೆ ಅದರ ನಂಬರ್ ಮ್ಯಾನುಯಲ್‌ನಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಿ. ಗ್ಯಾಪ್ ಬಹಳಷ್ಟು ಎಂಜಿನ್‌ಗಳಲ್ಲಿ 0.7ರಿಂದ 0.8 ಮಿ.ಮೀ. ಇರುತ್ತದೆ. ವಾಪಸ್ ಹಾಕುವಾಗ ಮೊದಲು ಕೈಯಿಂದಲೇ ಕೊನೆವರೆಗೆ ತಿರುಗಿಸಿ. ಆಮೇಲೆ ಸ್ಪ್ಯಾನರ್‌ನಲ್ಲಿ, ಹೊಸ ಪ್ಲಗ್ ಆದರೆ ಅರ್ಧ ಸುತ್ತು, ಹಳೆಯದಾದರೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ.

ಹತ್ತಿಪ್ಪತ್ತು ನಿಮಿಷ ಓಡಿ ನಿಂತುಹೋದರೆ

ನಿಂತ ಕೂಡಲೇ ಪೆಟ್ರೋಲ್ ಟ್ಯಾಂಕ್ ಮುಚ್ಚಳ ಸಡಿಲಿಸಿ, ಮತ್ತೆ ಸ್ಟಾರ್ಟ್ ಮಾಡಿ. ಆರಾಮಾಗಿ ಓಡಿದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಟ್ಯಾಂಕ್‌ಗೆ ಗಾಳಿ ಹೋಗದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ಹೊಸ ಮುಚ್ಚಳ ಹಾಕಿಸಿ, ಅಷ್ಟೇ. ಅದರಿಂದ ಸರಿಹೋಗದೆ, ಬಿಸಿಯಾದಾಗ ನಿಂತು ತಣ್ಣಗಾದ ಮೇಲೆ ಮತ್ತೆ ಓಡುತ್ತಿದ್ದರೆ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಬಹುದು. ನಿಂತ ತಕ್ಷಣ ಸ್ಪಾರ್ಕ್ ಟೆಸ್ಟರ್ ಹಾಕಿ ನೋಡಿದರೆ ಮಾತ್ರ ಇದು ಗೊತ್ತಾಗುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಸ್ಪಾರ್ಕ್ ಬಂದಿರುತ್ತದೆ.

ಬ್ಲೇಡ್ ಹರಿತ ಮಾಡಿಸಿದ ಮೇಲೆ ಶುರುವಾದ ತೊಂದರೆ

ಬ್ಲೇಡಿಗೂ ಎಂಜಿನ್ ಸ್ಟಾರ್ಟ್ ಆಗುವುದಕ್ಕೂ ಏನು ಸಂಬಂಧ ಅನಿಸಬಹುದು, ಅಲ್ವಾ? ಸಂಬಂಧವಿದೆ. ತಳ್ಳುವ ಮೋವರ್‌ಗಳಲ್ಲಿ ಫ್ಲೈವೀಲ್ ಹಗುರ. ಎಂಜಿನ್ ತಿರುಗುತ್ತಾ ಹೋಗಲು ಬೇಕಾದ ಭಾರದ ಒಂದು ಪಾಲು ಬ್ಲೇಡೇ. ಅದು ಸಡಿಲವಾಗಿದ್ದರೆ ಹಗ್ಗ ಕೈಯನ್ನು ಹಿಂದಕ್ಕೆ ಜಗ್ಗುತ್ತದೆ, ಪಟ್ ಪಟ್ ಎಂದು ಸಿಡಿಯುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಕಾರ್ಬ್ಯುರೇಟರ್ ಎಷ್ಟು ಕ್ಲೀನ್ ಮಾಡಿದರೂ ಇದು ಹೋಗದು. ದಪ್ಪ ಕೈಗವಸು ಹಾಕಿ, ಪ್ಲಗ್ ಕ್ಯಾಪ್ ಕಿತ್ತಿದ್ದೇನೆಯೇ ಎಂದು ಇನ್ನೊಮ್ಮೆ ನೋಡಿ, ಆಮೇಲೆ ಬ್ಲೇಡ್ ಅಲ್ಲಾಡಿಸಿ. ಸ್ವಲ್ಪವೂ ಆಟ ಇರಬಾರದು. ಬೋಲ್ಟ್ ಎಷ್ಟು ಬಿಗಿಯಬೇಕೆಂದು ಮ್ಯಾನುಯಲ್‌ನಲ್ಲಿರುತ್ತದೆ. ಟಾರ್ಕ್ ರೆಂಚ್‌ನಲ್ಲೇ (ಬಿಗಿತ ಅಳೆಯುವ ಸ್ಪ್ಯಾನರ್) ಬಿಗಿಯಬೇಕು.

ಬ್ಲೇಡಿನ ಮಡಚಿದ ರೆಕ್ಕೆಗಳು ಮೇಲೆ, ಡೆಕ್ ಕಡೆಗೆ ಇರಬೇಕು. ಉಲ್ಟಾ ಹಾಕಿದರೆ ಹುಲ್ಲು ಕತ್ತರಿಸದೆ ಜಜ್ಜಿ ಹರಿಯುತ್ತದೆ. ನಡುಗುವುದು ಜಾಸ್ತಿಯಾಗಿದ್ದರೆ ಬ್ಲೇಡಿನ ಒಂದು ಕಡೆ ಜಾಸ್ತಿ ಸಾಣೆ ಹಿಡಿದಿದ್ದಾರೆ. ಬ್ಲೇಡ್ ಬಿಚ್ಚಿ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿದರೆ ಯಾವ ಕಡೆ ಭಾರ ಎಂದು ಕಾಣುತ್ತದೆ. ಸಮತೋಲನ ಸರಿಯಿದ್ದೂ ನಡುಗಿದರೆ ಬ್ಲೇಡ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಬಾಗಿರಬಹುದು. ಅಂಥ ಮೋವರ್ ಓಡಿಸಬೇಡಿ.

ಬ್ಲೇಡ್ ಗಟ್ಟಿಯಾಗೇ ಇದೆ, ಆದರೂ ಹಗ್ಗ ಜಗ್ಗುತ್ತದೆ, ಸಿಡಿಯುತ್ತದೆ ಎಂದರೆ ಫ್ಲೈವೀಲ್ ಕೀ (ಫ್ಲೈವೀಲನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಸಣ್ಣ ತುಂಡು) ನೋಡಬೇಕು. ಬ್ಲೇಡ್ ಕಲ್ಲಿಗೋ ಬೇರಿಗೋ ಬಡಿದಾಗ ಮೆದು ಲೋಹದ ಈ ಕೀ ಅರ್ಧ ತುಂಡಾಗಬಹುದು. ಆಗ ಸ್ಪಾರ್ಕ್ ಬರುವ ಹೊತ್ತು ತಪ್ಪುತ್ತದೆ. ಸರ್ವಿಸ್‌ಗೆ ಮುಂಚೆ ನಿಮ್ಮ ಕೈಯಲ್ಲೇ ಹೀಗೆ ಬಡಿದಿದ್ದರೆ ಅದನ್ನು ಡೀಲರ್‌ಗೆ ಮುಚ್ಚಿಡದೆ ಹೇಳಿ. ಹುಡುಕುವ ಸಮಯ ಉಳಿಯುತ್ತದೆ.

ಎಂಜಿನ್ ಒಳಗಿನ ವಾಲ್ವ್‌ಗಳ ಗ್ಯಾಪ್ ಸರಿಮಾಡಿದ್ದೇವೆ ಎಂದು ಬಿಲ್‌ನಲ್ಲಿದ್ದು, ಆಮೇಲೆ ಶಕ್ತಿ ಕುಗ್ಗಿದ್ದರೆ, ಆ ಅಳತೆ ಮತ್ತೆ ನೋಡಿಸಿ. ಹೋಂಡಾ ಜಿಸಿವಿ160ಕ್ಕೆ ಇದು ಇನ್‌ಟೇಕ್ 0.15, ಎಕ್ಸಾಸ್ಟ್ 0.20 ಮಿ.ಮೀ. ಕೂದಲೆಳೆಯ ಅಳತೆ ಇದು. ನೀವೇ ಕೈ ಹಾಕಬೇಡಿ, ಡೀಲರ್‌ಗೇ ಬಿಡಿ.

ಪೆಟ್ರೋಲ್ ಬಗ್ಗೆ ಪ್ರಾಮಾಣಿಕವಾಗಿ ಯೋಚಿಸಿ

ಎಲ್ಲ ತಪ್ಪೂ ಡೀಲರ್‌ದೇ ಆಗಿರಬೇಕಿಲ್ಲ. ಸರ್ವಿಸ್ ಆದ ಮೋವರ್‌ಗೆ ಮನೆಯಲ್ಲಿದ್ದ ಹಳೆ ಕ್ಯಾನಿನ ಪೆಟ್ರೋಲ್ ಹಾಕಿದಿರಾ? ಸುಮಾರು 30 ದಿನ ದಾಟಿದ ಪೆಟ್ರೋಲ್ ಹಳಸಲು ಶುರುವಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯಲ್ಲಿರುವ ನೀರನ್ನೂ ಹೀರಿಕೊಳ್ಳುತ್ತದೆ. ಬಹುತೇಕ ಮೋವರ್ ಎಂಜಿನ್‌ಗಳು 10 ಶೇಕಡಾ ಎಥನಾಲ್‌ವರೆಗೆ ಮಾತ್ರ ತಡೆಯುತ್ತವೆ.

ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲನ್ನು ಪಾರದರ್ಶಕ ಗಾಜಿನ ಬಾಟಲಿಗೆ ತೆಗೆದು ಹತ್ತು ನಿಮಿಷ ಇಡಿ. ಹತ್ತಿರ ಬೆಂಕಿ, ಬೀಡಿ, ಸಿಗರೇಟು ಇರಬಾರದು. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಪೆಟ್ರೋಲ್ ಶುದ್ಧವಾಗಿ ಕಂಡರೆ ಆ ಬಾಟಲಿಯ ಫೋಟೋ ತೆಗೆದಿಡಿ. "ನಿಮ್ಮ ಪೆಟ್ರೋಲ್ ಸರಿಯಿಲ್ಲ" ಎಂಬ ಮಾತು ಬಂದೇ ಬರುತ್ತದೆ. ಅದೇ ಕಾರಣಕ್ಕೆ ಡೀಲರ್ ಹತ್ತಿರ ಹೋಗುವ ಮುಂಚೆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಡಿ.

ಡೀಲರ್ ಹತ್ತಿರ ಹೇಗೆ ಮಾತಾಡಬೇಕು

ತಡ ಮಾಡಬೇಡಿ. ದಿನ ಕಳೆದಷ್ಟೂ ಇದು ಸರ್ವಿಸ್‌ನಿಂದ ಬಂದದ್ದೆಂದು ತೋರಿಸುವುದು ಕಷ್ಟವಾಗುತ್ತದೆ. ಮೊದಲು ಫೋನ್ ಮಾಡಿ, ಆಮೇಲೆ ಅದನ್ನೇ ಮೆಸೇಜ್ ಅಥವಾ ಈಮೇಲ್‌ನಲ್ಲಿ ಬರೆದು ವಿಡಿಯೋ ಜೊತೆ ಕಳಿಸಿ.

ಬರೆಯುವಾಗ ರೋಗದ ಹೆಸರು ಹೇಳಬೇಡಿ, ಲಕ್ಷಣ ಹೇಳಿ. "ಕಾರ್ಬ್ಯುರೇಟರ್ ಹಾಳು ಮಾಡಿದ್ದೀರಿ" ಎಂದರೆ ಅವರು ಕಾರ್ಬ್ಯುರೇಟರ್ ಒಂದನ್ನೇ ನೋಡಿ, ಸರಿಯಿದೆ ಎಂದು ವಾಪಸ್ ಕೊಡಬಹುದು. ಹೀಗೆ ಬರೆಯಿರಿ: "ಸರ್ವಿಸ್‌ಗೆ ಮುಂಚೆ ಎರಡು ಸಲ ಎಳೆದರೆ ಸ್ಟಾರ್ಟ್ ಆಗುತ್ತಿತ್ತು. ಈಗ ಏಳೆಂಟು ಸಲ ಎಳೆಯಬೇಕು. ಬಿಸಿಯಾದ ಮೇಲೆ ವೇಗ ಏರಿಳಿಯುತ್ತದೆ. ಅರ್ಧ ಚೋಕ್ ಹಾಕಿದರೆ ನಿಲ್ಲುತ್ತದೆ. ಆಯಿಲ್ ಮಟ್ಟ ಮತ್ತು ಫಿಲ್ಟರ್ ನೋಡಿದ್ದೇನೆ, ಸರಿಯಿವೆ. ಬೇರೇನೂ ಬಿಚ್ಚಿಲ್ಲ." ಇಂಥ ನಾಲ್ಕು ಸಾಲು ಒಳ್ಳೆಯ ಮೆಕ್ಯಾನಿಕ್‌ಗೆ ಬಹಳ ಸಹಾಯ ಮಾಡುತ್ತವೆ.

ಕೆಲವು ವಿಷಯ ಮೊದಲೇ ಕೇಳಿ ಒಪ್ಪಿಸಿಕೊಳ್ಳಿ. ಸರ್ವಿಸ್ ಕೆಲಸಕ್ಕೆ ಎಷ್ಟು ದಿನದ ವಾರಂಟಿ? ತಪ್ಪು ಅವರದ್ದಾದರೆ ಪರೀಕ್ಷೆಯ ಖರ್ಚು, ಸಾಗಾಟದ ಖರ್ಚು ಯಾರದು? ಹೊಸ ಭಾಗ ಬೇಕಾದರೆ ನಿಮ್ಮನ್ನು ಕೇಳಿಯೇ ಹಾಕಬೇಕು, ಹಳೆಯದನ್ನು ವಾಪಸ್ ಕೊಡಬೇಕು. ಕೂತು ಓಡಿಸುವ ದೊಡ್ಡ ಮೋವರ್ ಆದರೆ ಸಾಗಾಟದ ಮಾತಂತೂ ಬರಹದಲ್ಲೇ ಇರಲಿ.

ಮೆಕ್ಯಾನಿಕ್‌ಗಳ ಕಡೆಯಿಂದಲೂ ಒಂದು ಮಾತು ಹೇಳಬೇಕು. ಹುಲ್ಲು ಬೆಳೆಯುವ ಕಾಲದಲ್ಲಿ ಅವರ ಮುಂದೆ ಮೋವರ್‌ಗಳ ಸಾಲೇ ಇರುತ್ತದೆ. ಬಹಳ ಕಡೆ ಬಿಸಿ ಎಂಜಿನ್ನನ್ನು ಕಾಂಕ್ರೀಟ್ ನೆಲದ ಮೇಲೆ ಎರಡು ನಿಮಿಷ ಓಡಿಸಿ ಕೊಟ್ಟುಬಿಡುತ್ತಾರೆ. ತಣ್ಣಗಿದ್ದಾಗ, ಹುಲ್ಲಿನ ಭಾರ ಬಿದ್ದಾಗ ಮಾತ್ರ ಕಾಣುವ ತೊಂದರೆ ಅಲ್ಲಿ ಕಾಣುವುದೇ ಇಲ್ಲ. ಸಂಜೆಯೇ ಮೋವರ್ ಬಿಟ್ಟು ಬನ್ನಿ, ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಿ ಎಂದು ಕೇಳಿಕೊಳ್ಳಿ.

ಎರಡನೇ ಸಲ ವಾಪಸ್ ತರುವಾಗ

ಗಾಡಿಗೆ ಹಾಕುವ ಮುಂಚೆ ಅಲ್ಲೇ ಸ್ಟಾರ್ಟ್ ಮಾಡಿಸಿ. ಹತ್ತು ನಿಮಿಷವಾದರೂ ಓಡಲಿ. ಹತ್ತಿರ ಹುಲ್ಲಿದ್ದರೆ ಅದರ ಮೇಲೆ ಓಡಿಸಿ. ಡಿಪ್‌ಸ್ಟಿಕ್ ಅವರ ಎದುರೇ ನೋಡಿ. ಏನು ತಪ್ಪಿತ್ತು, ಏನು ಸರಿಮಾಡಿದರು ಎಂದು ಬಿಲ್‌ನಲ್ಲಿ ಬರೆಸಿಕೊಳ್ಳಿ, ಹಣ ಪಡೆಯದಿದ್ದರೂ ಸರಿ. 'ಚೆಕ್ ಮಾಡಿದೆ, ಓಕೆ' ಎಂಬಷ್ಟೇ ಬರಹ ಸಾಲದು.

ಆಮೇಲೂ ಅದೇ ತೊಂದರೆ ಬಂದರೆ ಮೂರನೇ ಸಲ ಅಲ್ಲಿಗೇ ಹೊತ್ತುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ಬೇರೆ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿ, ಅವರು ಕಂಡದ್ದನ್ನು ಫೋಟೋ ಸಮೇತ ಬರೆಸಿಕೊಳ್ಳಿ. ಅದರ ಪ್ರತಿಯೊಂದಿಗೆ ಮೊದಲ ಡೀಲರ್‌ನಿಂದ ಸರ್ವಿಸ್ ಹಣ ವಾಪಸ್ ಕೇಳಿ. ಮೋವರ್ ಇನ್ನೂ ಕಂಪನಿ ವಾರಂಟಿಯಲ್ಲಿದ್ದರೆ ಮಾತ್ರ ಬೇರೆಯವರು ಎಂಜಿನ್ ಬಿಚ್ಚುವ ಮುಂಚೆ ಕಂಪನಿಯ ಗ್ರಾಹಕ ಸೇವೆಗೆ ತಿಳಿಸಿ, ಅವರು ಸೂಚಿಸುವ ಇನ್ನೊಬ್ಬ ಅಧಿಕೃತ ಡೀಲರ್ ಹತ್ತಿರ ಹೋಗಿ.